ಅಂಡಮಾನ್‌ಗೆ ಹೊರಟಿದ್ದೇನೆ, ಅಲ್ಲಿಯ ಜನರ ಫೋಟೊ ತೆಗೆಯುವುದು ಹೇಗೆ?

ಪ್ರಶ್ನೆ: ನಾನು ಬಾಗಲಕೋಟೆ ನವನಗರದವನು, ಸರಕಾರಿ ನೌಕರ. ಜನವರಿ ಎರಡನೇ ವಾರ ಹೆಂಡತಿ ಮತ್ತು ಹತ್ತು ವರ್ಷದ ಮಗಳ ಜೊತೆ ಐದು ರಾತ್ರಿಗೆ ಅಂಡಮಾನ್‌ಗೆ ಹೊರಟಿದ್ದೇನೆ. ಏಜೆಂಟರು ಕೊಟ್ಟ ಪ್ಲ್ಯಾನ್ ಹೀಗಿದೆ: ಪೋರ್ಟ್ ಬ್ಲೇರ್ ಎರಡು ರಾತ್ರಿ (ಒಂದು ದಿನ ಬಾರಾಟಾಂಗ್), ಹ್ಯಾವ್‌ಲಾಕ್ ಒಂದು, ನೀಲ್ ಒಂದು, ಮತ್ತೆ ಪೋರ್ಟ್ ಬ್ಲೇರ್ ಒಂದು. ನನ್ನ ಹತ್ತಿರ ಕ್ಯಾಮೆರಾ ಇದೆ, 18-55 ಮತ್ತು 55-250 ಲೆನ್ಸ್ ಇವೆ. ಹೆಂಡತಿ ಹತ್ತಿರ ಒಳ್ಳೆಯ ಫೋನ್ ಇದೆ. ಹಿಂದೆ ಗೋವಾಕ್ಕೆ ಹೋಗಿ ಬಂದು ನೋಡಿದರೆ ಎಲ್ಲ ಫೋಟೊದಲ್ಲೂ ನಾವೇ, ಹಿಂದೆ ಸಮುದ್ರ. ಆ ಊರಿನ ಒಬ್ಬ ಮನುಷ್ಯನೂ ಇಲ್ಲ. ಈ ಸಲ ಅಲ್ಲಿಯ ಜನರನ್ನು ಮಾತಾಡಿಸಿ ಫೋಟೊ ತೆಗೆಯುವ ಆಸೆ. ಕೇಳಲು ಸಂಕೋಚ. ಬೈದರೆ ಏನು ಮಾಡುವುದು? ದುಡ್ಡು ಕೊಡಬೇಕೆ? ದೂರದಿಂದ ಜೂಮ್ ಹಾಕಿ ತೆಗೆದರೆ ನಡೆಯುತ್ತದೆಯೆ? ಹೊಸ ಲೆನ್ಸ್ ಬೇಕೆ? ಡ್ರೋನ್ ಒಯ್ಯಬಹುದೆ?

ಉತ್ತರ: ಸಂಕೋಚದ ಮಾತು ಆಮೇಲೆ. ಮೊದಲು ನಿಮ್ಮ ಪ್ಲ್ಯಾನ್ ಸರಿ ಮಾಡೋಣ. ಬೋಟು ಇಳಿ, ಟ್ಯಾಕ್ಸಿ ಹತ್ತು, ಬೀಚ್ ನೋಡು, ಬ್ಯಾಗ್ ಕಟ್ಟು, ಇಷ್ಟರಲ್ಲೇ ಐದು ದಿನ ಮುಗಿದುಹೋಗುತ್ತವೆ. ನಿಮಗೆ ಪರಿಚಯ ಆಗುವ ಸ್ಥಳೀಯರು ಎಂದರೆ ಟ್ಯಾಕ್ಸಿ ಡ್ರೈವರ್ ಮತ್ತು ಲಾಜ್ ಮ್ಯಾನೇಜರ್ ಮಾತ್ರ. ಗೋವಾದಲ್ಲೂ ಇದೇ ಆಗಿರಬೇಕು, ಅಲ್ವಾ?

ನನ್ನ ಸಲಹೆ ಇಷ್ಟು. ಬಾರಾಟಾಂಗ್ ದ್ವೀಪ ಬಿಟ್ಟುಬಿಡಿ, ಕಾರಣ ಮುಂದೆ ಹೇಳುತ್ತೇನೆ. ಇಳಿದ ದಿನ ಪೋರ್ಟ್ ಬ್ಲೇರ್‌ನಲ್ಲಿ ಒಂದು ರಾತ್ರಿ, ಆಮೇಲೆ ನೀಲ್‌ನಲ್ಲಿ ಮೂರು ರಾತ್ರಿ, ಕೊನೆಗೆ ಹ್ಯಾವ್‌ಲಾಕ್‌ನಲ್ಲಿ ಒಂದು. ವಾಪಸ್ ಬರುವ ವಿಮಾನ ಮಧ್ಯಾಹ್ನದ್ದಾದರೆ ಮಾತ್ರ ಹೀಗೆ ಮಾಡಿ. ಬೆಳಿಗ್ಗೆಯ ವಿಮಾನವಾದರೆ ಕೊನೆಯ ರಾತ್ರಿ ಪೋರ್ಟ್ ಬ್ಲೇರ್‌ನಲ್ಲೇ ಇರಬೇಕು, ಬೋಟಿನ ಟೈಮ್ ನಂಬಿ ಕೂರಬೇಡಿ. ಆಗ ಹ್ಯಾವ್‌ಲಾಕ್ ಬಿಡಿ, ನೀಲ್ ಬಿಡಬೇಡಿ. ಟಿಕೆಟ್ ಮೇಲೆ ಈಗ ಬೇರೆ ಹೆಸರುಗಳಿರುತ್ತವೆ, ಗಾಬರಿಯಾಗಬೇಡಿ. 2018ರಲ್ಲಿ ಹ್ಯಾವ್‌ಲಾಕ್‌ಗೆ ಸ್ವರಾಜ್ ದ್ವೀಪ, ನೀಲ್‌ಗೆ ಶಹೀದ್ ದ್ವೀಪ ಎಂದು ಹೆಸರು ಬದಲಾಯಿತು. 2024ರಲ್ಲಿ ಪೋರ್ಟ್ ಬ್ಲೇರ್ ಶ್ರೀ ವಿಜಯಪುರಂ ಆಯಿತು. ಮಾತಿನಲ್ಲಿ ಹಳೇ ಹೆಸರುಗಳೇ ನಡೆಯುತ್ತವೆ, ನಾನೂ ಅವನ್ನೇ ಬರೆಯುತ್ತೇನೆ.

ನೀಲ್ ಯಾಕೆ ಅಂದರೆ ಅದು ಚಿಕ್ಕ ಊರು. ಇಡೀ ದ್ವೀಪ ಸುಮಾರು 14 ಚದರ ಕಿಲೋಮೀಟರ್, ಬಾಡಿಗೆ ಸೈಕಲ್ ಮೇಲೆ ಸುತ್ತಿ ಬರಬಹುದು. ಬತ್ತದ ಗದ್ದೆ, ತೆಂಗು, ಅಡಿಕೆ, ಬಾಳೆ, ತರಕಾರಿ. ಅಂಡಮಾನ್‌ನ ಪೇಟೆಗಳಿಗೆ ಇಲ್ಲಿಂದ ತರಕಾರಿ ಹೋಗುತ್ತದೆ. ಜನ ಇಲ್ಲಿ ಪ್ರವಾಸಿಗರಿಗಾಗಿ ಮಾತ್ರ ಬದುಕುತ್ತಿಲ್ಲ, ಅವರಿಗೆ ತಮ್ಮದೇ ಕೆಲಸ ಇದೆ. ಫೋಟೊಗೆ ಬೇಕಾದದ್ದು ಅದೇ. ಮೂರು ರಾತ್ರಿ ಇದ್ದರೆ ಒಂದೇ ಚಹಾದಂಗಡಿಗೆ ಐದಾರು ಸಲ ಹೋಗುತ್ತೀರಿ. ಮೂರನೇ ಸಲಕ್ಕೆ ಅಂಗಡಿಯವರೇ ‘ಎಲ್ಲಿಂದ ಬಂದಿರಿ’ ಎಂದು ಕೇಳುತ್ತಾರೆ.

ಈಗ ಬೆಳಕಿನ ಲೆಕ್ಕ. ಇದನ್ನು ಮೊದಲೇ ತಿಳಿದುಕೊಂಡು ಹೋಗಿ. ಗಡಿಯಾರ ನಮ್ಮದೇ, ಆದರೆ ಅಂಡಮಾನ್ ಬಹಳ ಪೂರ್ವಕ್ಕಿದೆ. ಜನವರಿ ನಡುವಿನಲ್ಲಿ ಬಾಗಲಕೋಟೆಯಲ್ಲಿ ಸೂರ್ಯ ಹುಟ್ಟುವುದು ಹೆಚ್ಚುಕಡಿಮೆ 7ಕ್ಕೆ, ಮುಳುಗುವುದು 6:15ರ ಸುಮಾರಿಗೆ. ಅಲ್ಲಿ 5:45ಕ್ಕೇ ಹುಟ್ಟಿ ಸಂಜೆ 5:15ರ ಹೊತ್ತಿಗೆ ಮುಳುಗಿಬಿಡುತ್ತಾನೆ. ಮುಳುಗಿದ ಮೇಲೆ ಇಪ್ಪತ್ತು–ಇಪ್ಪತ್ತೈದು ನಿಮಿಷದಲ್ಲಿ ಕತ್ತಲು. ಊರಲ್ಲಿ ಇದ್ದ ಹಾಗೆ 8ಕ್ಕೆ ಎದ್ದು ತಿಂಡಿ ಮುಗಿಸಿ ಹೊರಟರೆ ಬೆಳಗಿನ ಬೆಳಕು ಕಳೆದುಹೋಗಿರುತ್ತದೆ. ‘ಐದು ಗಂಟೆಗೆ ಬೀಚ್‌ಗೆ ಹೋಗೋಣ’ ಎಂದುಕೊಂಡರೆ ಸಂಜೆಯದೂ ಹೋಯಿತು. ಬೆಳಿಗ್ಗೆ 5:30ಕ್ಕೆ ಹೊರಗಿರಬೇಕು, ಮಧ್ಯಾಹ್ನ 3:30ಕ್ಕೆ ಮತ್ತೆ ಹೊರಡಬೇಕು.

ಹಾಗಾದರೆ ನಡುವಿನ ಹೊತ್ತು, ಬೆಳಿಗ್ಗೆ 9ರಿಂದ ಮಧ್ಯಾಹ್ನ 3ರವರೆಗೆ? ಬಿಸಿಲು ನೆತ್ತಿ ಮೇಲೆ, ಮರಳು ಕಣ್ಣು ಕುಕ್ಕುತ್ತದೆ, ಫೋಟೊ ಚೆನ್ನಾಗಿ ಬರುವುದಿಲ್ಲ. ಪ್ರವಾಸಿಗರು ಬೋಟಿಂಗ್‌ಗೆ ಹೋಗಿರುತ್ತಾರೆ, ಇಲ್ಲವೆ ಎಸಿ ರೂಮಿನಲ್ಲಿ ಮಲಗಿರುತ್ತಾರೆ. ಊರಿನವರಿಗೆ ಆಗಲೇ ಪುರಸೊತ್ತು. ಅಂಗಡಿಯವರು ಗಿರಾಕಿ ಇಲ್ಲದೆ ಕೂತಿರುತ್ತಾರೆ, ಮೀನುಗಾರರು ಬಲೆ ಹೊಲಿಯುತ್ತಿರುತ್ತಾರೆ. ಪರಿಚಯ ಮಾಡಿಕೊಳ್ಳಲು ಇದಕ್ಕಿಂತ ಒಳ್ಳೆಯ ಹೊತ್ತು ಇಲ್ಲ. ಕ್ಯಾಮೆರಾ ಚೀಲದಲ್ಲೇ ಇರಲಿ. ಚಹಾ ಕುಡಿಯಿರಿ, ಕೂತು ಮಾತಾಡಿ, ‘ನಾಳೆ ಬೆಳಿಗ್ಗೆ ಎಷ್ಟಕ್ಕೆ ಅಂಗಡಿ ತೆಗೀತೀರಿ’, ‘ದೋಣಿ ಎಷ್ಟಕ್ಕೆ ಬರುತ್ತೆ’ ಎಂದು ಕೇಳಿಕೊಳ್ಳಿ. ಫೋಟೊ ನಾಳೆ ಬೆಳಗಿನ ಬೆಳಕಿನಲ್ಲಿ. ಕೆಟ್ಟ ಬೆಳಕಿನಲ್ಲಿ ಸ್ನೇಹ, ಒಳ್ಳೆಯ ಬೆಳಕಿನಲ್ಲಿ ಫೋಟೊ. ಬೆಳಗಾವಿಯಲ್ಲಿ ನನ್ನ ಹತ್ತಿರ ಕಲಿಯಲು ಬರುವವರಿಗೆ ಖಡೇ ಬಜಾರಿನಲ್ಲೂ ಇದನ್ನೇ ಹೇಳುತ್ತೇನೆ.

ಇನ್ನು ಸಂಕೋಚ. ಅಪರಿಚಿತರ ಎದುರು ಏನು ಮಾತಾಡಬೇಕು ಎಂದು ಗೊತ್ತಾಗದೆ ಇದ್ದಾಗ ಸಂಕೋಚ ಜಾಸ್ತಿ. ಅಂಡಮಾನ್‌ನಲ್ಲಿ ಅದಕ್ಕೊಂದು ಸುಲಭದ ದಾರಿ ಇದೆ. ಅಲ್ಲಿ ಎಲ್ಲರ ಮನೆಯಲ್ಲೂ ‘ನಮ್ಮವರು ಇಲ್ಲಿಗೆ ಹೇಗೆ ಬಂದರು’ ಎಂಬ ಕಥೆ ಇದೆ. ಬ್ರಿಟಿಷರ ಕಾಲದಲ್ಲಿ ಕೈದಿಗಳಾಗಿ ಬಂದವರ ವಂಶದವರಿದ್ದಾರೆ, ಅವರನ್ನು ಅಲ್ಲಿ ‘ಲೋಕಲ್ ಬಾರ್ನ್’ ಎನ್ನುತ್ತಾರೆ. 1921ರ ದಂಗೆಯ ನಂತರ ಮಲಬಾರಿನಿಂದ ಸಾಗಿಸಿದ ಮಾಪಿಳ್ಳೆ ಮುಸ್ಲಿಮರ ಮಕ್ಕಳು ಮೊಮ್ಮಕ್ಕಳಿದ್ದಾರೆ. 1925ರಲ್ಲಿ ಬರ್ಮಾದಿಂದ ಬಂದ ಕರೆನ್ ಜನ ಉತ್ತರದ ಮಾಯಾಬಂದರ್ ಕಡೆ ಇದ್ದಾರೆ. ಕಾಡಿನ ಕೆಲಸಕ್ಕೆ ಛೋಟಾನಾಗಪುರದಿಂದ ಬಂದವರಿಗೆ ಇವತ್ತಿಗೂ ‘ರಾಂಚಿ’ ಎಂದೇ ಹೆಸರು. ತಮಿಳರು, ತೆಲುಗರು ಬೇಕಾದಷ್ಟಿದ್ದಾರೆ. 1949ರಿಂದ ಪೂರ್ವ ಬಂಗಾಳದ ನಿರಾಶ್ರಿತ ಕುಟುಂಬಗಳನ್ನು ಸರಕಾರ ಹಡಗಿನಲ್ಲಿ ಕರೆತಂದು ನೆಲೆಗೊಳಿಸಿತು. ನೀಲ್, ಹ್ಯಾವ್‌ಲಾಕ್‌ನಲ್ಲಿ ನಿಮಗೆ ಜಾಸ್ತಿ ಸಿಗುವವರು ಹೀಗೆ ಬಂದ ಬಂಗಾಳಿಗಳ ಮಕ್ಕಳು ಮತ್ತು ಮೊಮ್ಮಕ್ಕಳು. ಎಲ್ಲರಿಗೂ ಹಿಂದಿ ಬರುತ್ತದೆ. ಅದೂ ಬಜಾರಿನ ಹಿಂದಿ, ನಮ್ಮ ಕಡೆಯ ಹಿಂದಿ ಧಾರಾಳವಾಗಿ ನಡೆಯುತ್ತದೆ.

ನೀವಂತೂ ನವನಗರದವರು. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ಓಣಿಗಳು ಹೋದದ್ದು, ಜನ ಗಂಟುಮೂಟೆ ಕಟ್ಟಿಕೊಂಡು ಹೊಸ ಸೆಕ್ಟರ್‌ಗಳಿಗೆ ಬಂದದ್ದು ನಿಮಗೆ ಹೇಳಿಕೊಡಬೇಕೆ? ಊರು ಬಿಟ್ಟು ಬಂದ ಮನೆಯ ಹಿರಿಯರ ಹತ್ತಿರ ‘ನಮ್ಮೂರೂ ಅರ್ಧ ನೀರಿನಲ್ಲಿದೆ’ ಎಂದು ಹೇಳಿ ನೋಡಿ. ಫೋನಿನಲ್ಲಿ ಹಿನ್ನೀರಿನ, ಹಳೇ ಮನೆಯ ಫೋಟೊ ಇದ್ದರೆ ಒಯ್ಯಿರಿ. ಬಾದಾಮಿ ಗುಹೆ, ಬನಶಂಕರಿ ತೇರು, ನಿಮ್ಮ ಹೊಲದ ಜೋಳ, ಏನಿದ್ದರೂ ಸರಿ. ನಿಮ್ಮ ಫೋಟೊ ಅವರಿಗೆ ಮೊದಲು ತೋರಿಸಿ. ಆಮೇಲೆ ಅವರದು ಕೇಳುವುದು ಎಷ್ಟೋ ಹಗುರ. ಒಂದೆರಡು ಪೊಟ್ಟಣ ಅಮೀನಗಡದ ಕರದಂಟು ಇಟ್ಟುಕೊಳ್ಳಿ, ಕೆಡುವುದಿಲ್ಲ. ಚಹಾದ ಜೊತೆ ಬಿಚ್ಚಿದರೆ ‘ಇದೇನು’ ಎಂಬ ಮಾತಿನಿಂದಲೇ ಹರಟೆ ಶುರು.

ಇನ್ನೊಂದು ಮಾತು, ನಿಮ್ಮ ಮನೆಯವರಿಗೆ. ಒಂದು ಇಳಕಲ್ ಸೀರೆ ಒಯ್ಯಲು ಹೇಳಿ. ಉಡುವುದಕ್ಕೆ ಸುಲಭದ್ದು, ಹತ್ತಿಯದು, ಆ ಕೆಂಪು ಟೋಪಿತೆನೆ ಸೆರಗಿನದು. ಬಂಗಾಳಿ ಹೆಂಗಸರಿಗೆ ಸೀರೆ ಎಂದರೆ ಪ್ರಾಣ, ಸೆರಗು ಹಿಡಿದು ನೋಡಿಯೇ ನೋಡುತ್ತಾರೆ. ನೀವು ಅರ್ಧ ದಿನ ಒದ್ದಾಡಿದರೂ ಆಗದ ಪರಿಚಯ ಅವರಿಗೆ ಐದು ನಿಮಿಷದಲ್ಲಿ ಆಗುತ್ತದೆ. ಆಗ ನೀವು ಕ್ಯಾಮೆರಾ ಹಿಡಿದು ನಡುವೆ ನುಗ್ಗಬೇಡಿ. ಹೆಂಗಸರ ಫೋಟೊ ನಿಮ್ಮ ಮನೆಯವರೇ ಫೋನಿನಲ್ಲಿ ತೆಗೆಯಲಿ. ನನ್ನ ಅನುಭವದಲ್ಲಿ ಆ ಫೋಟೊಗಳೇ ಜೀವಂತವಾಗಿ ಬರುತ್ತವೆ.

ಕೇಳುವ ರೀತಿ ಒಂದಿದೆ. ಎದುರು ನಿಂತು ಕ್ಯಾಮೆರಾ ಎತ್ತಿ ‘ಫೋಟೊ?’ ಎನ್ನಬೇಡಿ. ಎತ್ತಿದ ಮೇಲೆ ಕೇಳಿದರೆ ಅದು ಕೇಳಿದಂತಲ್ಲ, ಬೇಡ ಎನ್ನಲು ಅವರಿಗೆ ಜಾಗವೇ ಇರುವುದಿಲ್ಲ. ಕ್ಯಾಮೆರಾ ಕೆಳಗಿರಲಿ. ಅವರು ಕೂತಿದ್ದರೆ ನೀವೂ ಕೂತುಕೊಳ್ಳಿ. ಬಂಗಾಳಿಗಳನ್ನು ದಾದಾ, ದೀದಿ, ವಯಸ್ಸಾದ ಹೆಂಗಸರನ್ನು ಮಾಶಿ ಎನ್ನಿ. ಬೇರೆಯವರಿಗೆ ಭಯ್ಯಾ, ಚಾಚಾ ಸಾಕು. ನಿಮ್ಮೂರಿನಲ್ಲಿ ಕಾಕಾ, ಅಕ್ಕಾರೆ ಎಂದು ಕರೆದಷ್ಟೇ ಸಹಜವಾಗಿ. ‘ಮಾಶಿ, ಎಕ್ಟಾ ಛೊಬಿ ತುಲ್ಬೊ?’ ಎಂದರೆ ಬಂಗಾಳಿಯಲ್ಲಿ ‘ಒಂದು ಫೋಟೊ ತೆಗೀಲಾ?’ ಎಂದು. ಉಚ್ಚಾರ ತಪ್ಪಿದರೆ ಇನ್ನೂ ಒಳ್ಳೆಯದು, ನಗುತ್ತಾರೆ.

ಬೇಡ ಎಂದರೆ? ‘ಆಯ್ತು ಮಾಶಿ’ ಎಂದು ಕ್ಯಾಮೆರಾ ಚೀಲದೊಳಗೆ ಹಾಕಿ, ಅವರಿಗೆ ಕಾಣುವ ಹಾಗೆ. ಎದ್ದು ಹೋಗಬೇಡಿ, ಚಹಾ ಮುಗಿಸಿ ಹೋಗಿ. ಬೈಯುವುದು ಬಲು ಅಪರೂಪ. ಬೈದವರ ಕಡೆ ತಪ್ಪು ಇರುವುದೂ ಅಪರೂಪ, ಯಾರೋ ಹಿಂದಿನ ಪ್ರವಾಸಿ ಕೇಳದೆ ತೆಗೆದು ಹೋಗಿರುತ್ತಾನೆ.

ಒಪ್ಪಿದರು ಎನ್ನಿ. ಮೊದಲ ಫೋಟೊ ಚೆನ್ನಾಗಿ ಬರುವುದಿಲ್ಲ, ಅದನ್ನು ಈಗಲೇ ಒಪ್ಪಿಕೊಂಡುಬಿಡಿ. ಎಲ್ಲರೂ ಆಧಾರ್ ಕಾರ್ಡಿಗೆ ನಿಂತ ಹಾಗೆ ನೆಟ್ಟಗಾಗುತ್ತಾರೆ. ಅದನ್ನೂ ತೆಗೆಯಿರಿ, ಮರ್ಯಾದೆಯಿಂದ, ಸರಿಯಾಗಿ ಫೋಕಸ್ ಮಾಡಿ. ಆ ಫೋಟೊ ಅವರದು. ತಿರುಗಿಸಿ ತೋರಿಸಿ. ಆಮೇಲೆ ‘ನಿಮ್ಮ ಕೆಲಸ ಮಾಡ್ತಾ ಇರಿ’ ಎನ್ನಿ.

ನೀಲ್ ಪೇಟೆಯಲ್ಲಿ ಒಮ್ಮೆ ಹೀಗೇ ಒಬ್ಬ ಅಜ್ಜಿ ಬಾಳೆಹೂವು ಬಿಡಿಸುತ್ತಾ ಕೂತಿದ್ದರು. ಮೊದಲ ಫೋಟೊಗೆ ಸೆರಗು ಸರಿ ಮಾಡಿಕೊಂಡು ಕೈ ಎರಡೂ ತೊಡೆ ಮೇಲೆ ಇಟ್ಟುಕೊಂಡರು. ತೋರಿಸಿದೆ, ತಲೆ ಆಡಿಸಿದರು, ಮತ್ತೆ ಕೆಲಸಕ್ಕೆ ಕೈ ಹಾಕಿದರು. ಕೆಂಪು ಎಸಳು ಒಂದೊಂದೇ ಎತ್ತಿ ಒಳಗಿನ ಸಣ್ಣ ಹೂಗಳ ಗೊಂಚಲು ಕಿತ್ತರು. ಪ್ರತಿ ಹೂವಿನ ನಡುವೆ ಒಂದು ಗಟ್ಟಿ ನಾರು ಇರುತ್ತದೆ, ಬೇಯುವುದಿಲ್ಲ, ಅದನ್ನು ಹೆಬ್ಬೆರಳ ಉಗುರಿನಿಂದ ಎಳೆದು ಬಿಸಾಡುತ್ತಿದ್ದರು. ಸೊನೆ ಹತ್ತಿ ಬೆರಳು ಕಪ್ಪಾಗದಿರಲೆಂದು ಸಾಸಿವೆ ಎಣ್ಣೆ ಹಚ್ಚಿಕೊಂಡಿದ್ದರು, ಆ ಎಣ್ಣೆಗೆ ಬೆರಳುಗಳು ಮಿನುಗುತ್ತಿದ್ದವು. ನಾನು ಮುಖ ಬಿಟ್ಟು ಕೈ ತೆಗೆದೆ. ಕೈ ನೋಡುತ್ತಿದ್ದೇನೆ ಎಂದು ಗೊತ್ತಾದ ಮೇಲೆ ಅವರಿಗೆ ಮುಖದ ಚಿಂತೆಯೇ ಹೋಯಿತು, ಮೊಮ್ಮಗಳನ್ನು ಏನಕ್ಕೋ ಗದರಿಸಿದರು, ನಕ್ಕರು. ಆಗ ಕ್ಯಾಮೆರಾ ಸ್ವಲ್ಪ ಮೇಲೆತ್ತಿದೆ. ಸಂಕೋಚ ಇರುವವರಿಗೆ ಇದು ಒಳ್ಳೆಯ ಉಪಾಯ: ಕೈಯಿಂದ ಶುರು ಮಾಡಿ. ಎಳನೀರು ಕೆತ್ತುವ ಕೈ, ಬಲೆ ಹೊಲಿಯುವ ಕೈ, ಮೀನು ತೂಗುವ ಕೈ. ಕೈಗೆ ಯಾರೂ ಬೇಡ ಎನ್ನುವುದಿಲ್ಲ.

ಇಲ್ಲಿಗೆ ನಿಮ್ಮ ಜೂಮ್ ಪ್ರಶ್ನೆಗೂ ಉತ್ತರ ಸಿಕ್ಕಿರಬೇಕು. 55-250ರಿಂದ, ಅಂದರೆ ದೂರದ್ದನ್ನು ಹತ್ತಿರ ಎಳೆಯುವ ಲೆನ್ಸಿನಿಂದ, ದೂರದಲ್ಲಿ ನಿಂತು ಜನರನ್ನು ತೆಗೆಯಬೇಡಿ. ನೀತಿಯ ಮಾತು ಪಕ್ಕಕ್ಕಿಡಿ, ಫೋಟೊನೇ ಸಪ್ಪೆ ಬರುತ್ತದೆ. ಅವರು ಎತ್ತಲೋ ನೋಡುತ್ತಿರುತ್ತಾರೆ, ಹಿಂದಿನ ಅಂಗಡಿ ಮಸುಕಾಗಿ ಯಾವ ಊರು ಎಂಬುದೂ ತಿಳಿಯುವುದಿಲ್ಲ. ಆ ಲೆನ್ಸ್ ದೋಣಿಗೆ, ಹಕ್ಕಿಗೆ ಇರಲಿ. ಜನರಿಗೆ 18-55 ಸಾಕು. ಲೆನ್ಸಿನ ಜೂಮ್ ಬಳೆಯನ್ನು 35ರ ಆಸುಪಾಸಿಗೆ ಇಟ್ಟುಕೊಂಡು ಮಾತಾಡುವಷ್ಟು ಹತ್ತಿರ ಕೂತು ತೆಗೆಯಿರಿ, ಮುಖವೂ ಬರುತ್ತದೆ, ಅಂಗಡಿಯೂ ಬರುತ್ತದೆ. 18ರಲ್ಲಿ ಹತ್ತಿರ ಹೋದರೆ ಮೂಗು ದಪ್ಪ ಕಾಣುತ್ತದೆ, ಅಷ್ಟು ಅಗಲ ಗುಂಪಿಗೆ ಮಾತ್ರ. ಹೊಸ ಲೆನ್ಸ್ ಬೇಡ. ಆ ದುಡ್ಡಿನಲ್ಲಿ ಒಂದು ಪೊಲರೈಸರ್ ಫಿಲ್ಟರ್ ಮತ್ತು ಒಂದು ಹೆಚ್ಚಿನ ಬ್ಯಾಟರಿ ಕೊಳ್ಳಿ. ಪೊಲರೈಸರ್ ನೀರಿನ ಮೇಲಿನ ಹೊಳಪು ತೆಗೆದು ತಳ ಕಾಣಿಸುತ್ತದೆ. ಸೂರ್ಯ ನಿಮ್ಮ ಬಲಕ್ಕೋ ಎಡಕ್ಕೋ ಇದ್ದಾಗ ಅದರ ಕೆಲಸ ಜೋರು. ಆದರೆ ಮುಖದ ಫೋಟೊಗೆ ಬಿಚ್ಚಿಡಿ, ಸುಮ್ನೆ ಬೆಳಕು ತಿನ್ನುತ್ತದೆ.

ಬಿಸಿಲಿನಲ್ಲೇ ತೆಗೆಯಬೇಕಾಗಿ ಬಂದರೆ? ಬರುತ್ತದೆ, ಬೋಟು ಇಳಿಯುವುದೇ ನಡು ಮಧ್ಯಾಹ್ನ ಆಗಿರುತ್ತದೆ. ಆಗ ನೆರಳಿನ ಅಂಚು ಹುಡುಕಿ. ಬೀಚ್ ದಂಡೆಯಲ್ಲಿ ದೊಡ್ಡ ಮರಗಳಿರುತ್ತವೆ, ಅಂಗಡಿಗಳಿಗೆ ಗರಿಯ ಚಪ್ಪರ ಇರುತ್ತದೆ. ಮನುಷ್ಯ ನೆರಳಿನೊಳಗೆ ಒಂದು ಹೆಜ್ಜೆ ಇರಲಿ, ಮುಖ ಬಿಸಿಲಿನ ಮರಳಿನ ಕಡೆಗಿರಲಿ. ಬಿಳಿ ಮರಳು ಕೆಳಗಿನಿಂದ ಬೆಳಕು ಎರಚುತ್ತದೆ, ಕಣ್ಣು ಗುಳಿಯ ಕಪ್ಪು ಹೋಗುತ್ತದೆ. ಸ್ಟುಡಿಯೊದಲ್ಲಿ ರಿಫ್ಲೆಕ್ಟರ್ ಹಿಡಿದು ಮಾಡುವ ಕೆಲಸ ಅಲ್ಲಿ ಪುಕ್ಕಟೆ. ಎಲೆಗಳ ಸಂದಿಯಿಂದ ಚುಕ್ಕೆ ಚುಕ್ಕೆ ಬಿಸಿಲು ಮುಖದ ಮೇಲೆ ಬೀಳದಂತೆ ಮಾತ್ರ ನೋಡಿಕೊಳ್ಳಿ.

ಕ್ಯಾಮೆರಾದ ಬುದ್ಧಿಯನ್ನು ಅಲ್ಲಿ ಪೂರ್ತಿ ನಂಬಬೇಡಿ. ಬಿಳಿ ಮರಳು, ಹೊಳೆಯುವ ನೀರು ನೋಡಿ ಅದು ಬೆಳಕು ಜಾಸ್ತಿ ಆಯಿತೆಂದು ತಿಳಿದು ಎಲ್ಲವನ್ನೂ ಕಂದಿಸುತ್ತದೆ. ಮರಳು ಬೂದಿ ಬಣ್ಣ, ಮುಖ ಕಪ್ಪು. ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಫೋಟೊದ ಬೆಳಕು ಹೆಚ್ಚು ಕಡಿಮೆ ಮಾಡುವ ಸೆಟ್ಟಿಂಗ್) ಪ್ಲಸ್ 0.7ರಿಂದ ಪ್ಲಸ್ 1ಕ್ಕೆ ಏರಿಸಿ. ಫೋನಿನಲ್ಲಾದರೆ ಪರದೆಯ ಮೇಲೆ ಮುಖ ಮುಟ್ಟಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಬೆರಳಿನಿಂದ ಬೇಕಾದಷ್ಟು ಮೇಲೆ ಕೆಳಗೆ ಮಾಡಿ. ಉಳಿದದ್ದು ಸರಳ: ಅಪರ್ಚರ್ (ಬೆಳಕು ಬರುವ ಲೆನ್ಸಿನ ಕಿಂಡಿ) 5.6, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಆಟೊ, ಶಟರ್ ವೇಗ 1/250 ಸೆಕೆಂಡಿಗಿಂತ ನಿಧಾನ ಆಗದಂತೆ ನೋಡಿಕೊಳ್ಳಿ. ಓಡುವ ಮಕ್ಕಳಿಗೆ, ಅಲೆಗೆ 1/1000. ರಾ ಫೈಲ್ (ಕ್ಯಾಮೆರಾ ಕಂಡದ್ದನ್ನು ಸಂಸ್ಕರಿಸದೆ ಹಾಗೇ ಇಡುವ ಫೈಲ್) ತಿದ್ದಲು ಬಂದರೆ ರಾ ಇಡಿ, ಬರದಿದ್ದರೆ ಜೆಪೆಗ್ ಸಾಕು.

ಫೋನಿನ ಬ್ಯೂಟಿ ಮೋಡ್ ದಯವಿಟ್ಟು ಆಫ್ ಮಾಡಿಸಿ. ಬಿಸಿಲಲ್ಲಿ ಗದ್ದೆ ಮಾಡಿದ ಮನುಷ್ಯನ ಮುಖವನ್ನು ಅದು ಹಿಟ್ಟು ಮೆತ್ತಿದಂತೆ ಬೆಳ್ಳಗೆ ಮಾಡುತ್ತದೆ, ಸುಕ್ಕು ಅಳಿಸುತ್ತದೆ. ಎಷ್ಟೋ ಫೋನುಗಳಲ್ಲಿ ಇದು ಮೊದಲೇ ಆನ್ ಇರುತ್ತದೆ, ಯಾರೂ ಗಮನಿಸುವುದಿಲ್ಲ. ನನಗೆ ಇದರಷ್ಟು ಸಿಟ್ಟು ಬರಿಸುವ ವಸ್ತು ಇನ್ನೊಂದಿಲ್ಲ.

ನಮ್ಮ ಒಣ ಹವೆಯವರಿಗೆ ಗೊತ್ತಿರದ ಒಂದು ತೊಂದರೆ ಅಲ್ಲಿಯ ತೇವ. ರಾತ್ರಿಯೆಲ್ಲ ಎಸಿಯಲ್ಲಿ ತಣ್ಣಗಾದ ಕ್ಯಾಮೆರಾ ಬೆಳಿಗ್ಗೆ ಹೊರಗೆ ತೆಗೆದ ಕೂಡಲೇ ಲೆನ್ಸ್ ಮೇಲೆ ಮಂಜು ಕೂರುತ್ತದೆ. ಒರೆಸಿದರೆ ಮತ್ತೆ ಕೂರುತ್ತದೆ. ಅಷ್ಟರಲ್ಲಿ ಸೂರ್ಯ ಹುಟ್ಟಿ ಆಗಿರುತ್ತದೆ. ಎದ್ದ ಕೂಡಲೇ ಎಸಿ ಆರಿಸಿ, ಕ್ಯಾಮೆರಾವನ್ನು ಚೀಲದ ಸಮೇತ ಅರ್ಧ ಗಂಟೆ ವರಾಂಡದಲ್ಲಿಡಿ. ಚೀಲ ಬಿಚ್ಚಬೇಡಿ. ಹೊಸ ಚಪ್ಪಲಿ, ಬ್ಯಾಗಿನ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಇವತ್ತಿನಿಂದಲೇ ಕೂಡಿಡಿ. ಬೀಚ್ ಮೇಲೆ ಲೆನ್ಸ್ ಬದಲಿಸಬೇಡಿ. ಉಪ್ಪು ನೀರಿನ ಹನಿ ಬಿದ್ದರೆ ಒಣ ಬಟ್ಟೆಯಿಂದ ಉಜ್ಜಬೇಡಿ, ಉಪ್ಪು ಗೀರುತ್ತದೆ. ಕ್ಯಾಮೆರಾದ ಮೈಯನ್ನು ಸಿಹಿ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ, ಆಮೇಲೆ ಒಣ ಬಟ್ಟೆ. ಲೆನ್ಸ್ ಗಾಜಿಗೆ ಅದರದೇ ಬಟ್ಟೆ ಇರಲಿ.

ಜಾಗಗಳ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ನೀಲ್‌ನಲ್ಲಿ ಬೀಚುಗಳಿಗೆ ರಾಮಾಯಣದ ಹೆಸರುಗಳು. ಸೀತಾಪುರದಲ್ಲಿ ಸೂರ್ಯೋದಯ, ಲಕ್ಷ್ಮಣಪುರದಲ್ಲಿ ಸೂರ್ಯಾಸ್ತ, ಭರತ್‌ಪುರ ಜೆಟ್ಟಿಯ ಪಕ್ಕದಲ್ಲೇ. ಲಕ್ಷ್ಮಣಪುರದಲ್ಲಿ ತಾನಾಗೇ ಆದ ಕಲ್ಲಿನ ಸೇತುವೆಗೆ ನೀರು ಇಳಿದಾಗ ಮಾತ್ರ ಹೋಗಬೇಕು, ಇಳಿತದ ಹೊತ್ತು ಲಾಜ್‌ನವರನ್ನು ಕೇಳಿ. ಜಾರದ ಚಪ್ಪಲಿ ಹಾಕಿ. ಅಲ್ಲಿಯ ಗೈಡ್‌ಗಳು ನೀರಿನಿಂದ ಸಮುದ್ರ ಸೌತೆ ಎತ್ತಿ ಮಗಳ ಕೈಗೆ ಕೊಡಲು ಬರಬಹುದು, ಬೇಡ ಎನ್ನಿ. ಅದು ಸಂರಕ್ಷಿತ ಪ್ರಾಣಿ. ಹವಳದ ತುಂಡು ಚೀಲಕ್ಕೆ ಹಾಕಿಕೊಳ್ಳುವುದೂ 1972ರ ವನ್ಯಜೀವಿ ಕಾಯ್ದೆಯಲ್ಲಿ ಅಪರಾಧ, ಏರ್‌ಪೋರ್ಟ್‌ನಲ್ಲಿ ಹಿಡಿಯುತ್ತಾರೆ. ಮಗಳಿಗೆ ಮೊದಲೇ ಹೇಳಿಡಿ. ಹ್ಯಾವ್‌ಲಾಕ್‌ನಲ್ಲಿ ರಾಧಾನಗರ ಸಂಜೆಗೆ, ಕಾಲಾಪತ್ಥರ್ ಬೆಳಿಗ್ಗೆಗೆ. ಮೊಸಳೆಯ ಎಚ್ಚರಿಕೆ ಫಲಕ ಇದ್ದಲ್ಲಿ ಫೋಟೊ ಆಸೆಗೆ ನೀರಿಗಿಳಿಯಬೇಡಿ. ‘ಡುಂಗಿ’ ಎನ್ನುವ ಚಿಕ್ಕ ಮೋಟಾರು ದೋಣಿಗಳು ಮೀನು ಹಿಡಿದು ಬೆಳಿಗ್ಗೆ ಬರುವ ಜಾಗ ಯಾವುದು ಎಂದು ಚಹಾದಂಗಡಿಯಲ್ಲೇ ವಿಚಾರಿಸಿ, ಸೂರ್ಯೋದಯಕ್ಕಿಂತ ಅದು ಒಳ್ಳೆಯ ಫೋಟೊ.

ಈಗ ಬಾರಾಟಾಂಗ್. ಸುಣ್ಣದ ಕಲ್ಲಿನ ಗುಹೆ, ಕೆಸರಿನ ಜ್ವಾಲಾಮುಖಿ ತೋರಿಸುತ್ತೇವೆ ಎಂದು ಏಜೆಂಟರು ಹೇಳುತ್ತಾರೆ. ಅಲ್ಲಿಗೆ ರಸ್ತೆಯಲ್ಲಿ ಹೋದರೆ ಜಿರ್ಕಾಟಾಂಗ್ ಚೆಕ್‌ಪೋಸ್ಟ್ ದಾಟಿ ಜಾರವಾ ಬುಡಕಟ್ಟಿನ ಜನರ ಮೀಸಲು ಕಾಡಿನ ನಡುವೆ ಹಾಯಬೇಕು. ವಾಹನಗಳನ್ನು ಸಾಲಾಗಿ ಪೊಲೀಸರ ಕಾವಲಿನಲ್ಲಿ ಬಿಡುತ್ತಾರೆ. ನಿಲ್ಲಿಸುವಂತಿಲ್ಲ, ತಿಂಡಿ ಕೊಡುವಂತಿಲ್ಲ, ಫೋಟೊ ವಿಡಿಯೊ ತೆಗೆಯುವಂತೆಯೇ ಇಲ್ಲ. ಬುಡಕಟ್ಟುಗಳ ರಕ್ಷಣೆಗೆಂದು 1956ರಲ್ಲೇ ಮಾಡಿದ ನಿಯಮ ಇದೆ, 2012ರಲ್ಲಿ ಅದನ್ನು ಇನ್ನೂ ಬಿಗಿ ಮಾಡಿದರು, ಜೈಲು ಶಿಕ್ಷೆ ಇದೆ. ಕಾನೂನಿಗಿಂತ ದೊಡ್ಡ ಕಾರಣವೂ ಇದೆ. ಜಾರವಾಗಳು ಕಾಡಿನಿಂದ ಹೊರಗೆ ಬಂದು ಜನರ ಜೊತೆ ಬೆರೆಯತೊಡಗಿದ್ದು 1997–98ರ ಸುಮಾರಿಗೆ. 1999ರಲ್ಲಿ ಅವರಲ್ಲಿ ದಡಾರ ಹರಡಿತು. ಹೊರಗಿನ ಕಾಯಿಲೆ ತಡೆಯುವ ಶಕ್ತಿ ಅವರ ಮೈಯಲ್ಲಿ ಕಡಿಮೆ. ನೀವು ‘ಅಲ್ಲಿಯ ಜನ’ ಎಂದು ಬರೆದಿದ್ದೀರಲ್ಲ, ಅದರಲ್ಲಿ ಇವರನ್ನು ಸೇರಿಸಬೇಡಿ. ಮಾತಾಡಿಸಿ ಒಪ್ಪಿಗೆ ಪಡೆಯಲು ದಾರಿ ಇಲ್ಲದ ಕಡೆ ಫೋಟೊದ ಪ್ರಶ್ನೆಯೇ ಬರುವುದಿಲ್ಲ. ಯಾವ ಡ್ರೈವರ್ ಆದರೂ ‘ತೋರಿಸುತ್ತೇನೆ ಸರ್’ ಎಂದು ಕಣ್ಣು ಮಿಟುಕಿಸಿದರೆ ಅವನ ಗಾಡಿ ಬಿಡಿ. ಗುಹೆ ನೋಡಲು ಐದು ದಿನದಲ್ಲಿ ಒಂದು ದಿನ ಕಳೆಯುವುದಕ್ಕಿಂತ ನೀಲ್‌ನಲ್ಲಿ ಸೈಕಲ್ ಹೊಡೆಯುವುದು ಮೇಲು.

ಬೀಚಿನಲ್ಲಿ ಈಜುಡುಗೆಯಲ್ಲಿರುವವರ ಕಡೆ ಕ್ಯಾಮೆರಾ ತಿರುಗಿಸಬೇಡಿ, ದೇಶದವರಿರಲಿ ವಿದೇಶದವರಿರಲಿ. ಪೊಲೀಸ್ ದೂರಿನವರೆಗೂ ಹೋಗಬಹುದು. ಮಕ್ಕಳ ಫೋಟೊಗೆ ತಾಯಿ ಅಥವಾ ತಂದೆಯನ್ನು ಕೇಳಿ, ಮಕ್ಕಳನ್ನಲ್ಲ. ಮಕ್ಕಳು ಯಾವಾಗಲೂ ಹೂಂ ಎನ್ನುತ್ತಾರೆ. ಶಾಲೆಯ ಯೂನಿಫಾರ್ಮ್, ಹೆಸರಿನ ಬ್ಯಾಡ್ಜ್ ಕಾಣುವ ಫೋಟೊ ಇನ್‌ಸ್ಟಾಗ್ರಾಮ್‌ಗೆ ಹಾಕಬೇಡಿ. ನಿಮ್ಮ ಮಗಳ ಫೋಟೊ ಯಾರೋ ಹಾಗೆ ಹಾಕಿದರೆ ಸುಮ್ಮನಿರುತ್ತೀರಾ? ಅಂದ ಹಾಗೆ ಮಗಳ ಕೈಗೆ ಆಗಾಗ ಫೋನು ಕೊಡಿ. ಮಕ್ಕಳ ಎದುರು ದೊಡ್ಡವರು ಬಿಗಿಯುವುದಿಲ್ಲ, ಅವಳೇ ನಿಮಗಿಂತ ಚೆಂದ ತೆಗೆದರೂ ತೆಗೆದಳೇ.

ದುಡ್ಡಿನ ವಿಷಯದಲ್ಲಿ ನನ್ನದು ಸ್ವಲ್ಪ ಗಟ್ಟಿ ಅಭಿಪ್ರಾಯ. ಫೋಟೊಗೆಂದು ದುಡ್ಡು ಕೊಡಬೇಡಿ, ಮಕ್ಕಳಿಗಂತೂ ಬೇಡವೇ ಬೇಡ. ಮುಂದೆ ಬರುವವರ ಎದುರು ಅವರು ಕೈ ಚಾಚಿ ನಿಲ್ಲುವಂತಾಗುತ್ತದೆ. ಆದರೆ ಅಂಗಡಿಯವರ ಫೋಟೊ ಬೇಕಾದರೆ ಅವರಿಂದ ಏನಾದರೂ ಕೊಳ್ಳಿ, ಕೇಳುವುದಕ್ಕೆ ಮೊದಲೇ. ಎಳನೀರು ಕುಡಿಯಿರಿ, ಬಾಳೆಹಣ್ಣು ಕೊಳ್ಳಿ. ಐದು ರೂಪಾಯಿಗೆ ಚೌಕಾಸಿ ಮಾಡಿ ಆಮೇಲೆ ‘ಒಂದು ಫೋಟೊ’ ಎನ್ನುವುದು ಚೆನ್ನಾಗಿರುವುದಿಲ್ಲ. ಯಾರಾದರೂ ಬಾಯಿಬಿಟ್ಟು ದುಡ್ಡು ಕೇಳಿದರೆ ತಪ್ಪು ತಿಳಿಯಬೇಡಿ, ನಕ್ಕು ನಮಸ್ಕಾರ ಮಾಡಿ ಮುಂದೆ ಹೋಗಿ.

ಕೊಡಬೇಕಾದದ್ದು ಫೋಟೊ. ‘ಕಳಿಸ್ತೀನಿ’ ಎಂದವರಲ್ಲಿ ಕಳಿಸುವವರು ಕಡಿಮೆ, ಅದು ಅಲ್ಲಿಯವರಿಗೂ ಗೊತ್ತು. 2020ರಲ್ಲಿ ಚೆನ್ನೈನಿಂದ ಸಮುದ್ರದ ತಳದಲ್ಲಿ ಕೇಬಲ್ ಹಾಕಿದ ಮೇಲೆ ನೆಟ್‌ವರ್ಕ್ ಮೊದಲಿಗಿಂತ ಸುಧಾರಿಸಿದೆ, ಫೋನಿನ ಫೋಟೊಗಳನ್ನು ಎದುರಿಗೇ ವಾಟ್ಸಾಪ್ ಮಾಡಿಬಿಡಿ. ಕ್ಯಾಮೆರಾದವು ಪ್ರಿಂಟ್ ಹಾಕಿಸಿ ಅಂಚೆಯಲ್ಲಿ ಹೋಗಲಿ. ಚಿಕ್ಕ ನೋಟ್‌ಬುಕ್ ಇಟ್ಟುಕೊಂಡು ವಿಳಾಸ ಅವರ ಕೈಯಲ್ಲೇ ಬರೆಸಿಕೊಳ್ಳಿ, ಪಿನ್‌ಕೋಡ್ ಸಮೇತ. ಪಕ್ಕದಲ್ಲಿ ಫೋಟೊ ನಂಬರ್ ಗುರುತು ಹಾಕಿಕೊಳ್ಳಿ, ಇಲ್ಲದಿದ್ದರೆ ಊರಿಗೆ ಬಂದ ಮೇಲೆ ಯಾವ ಮಂಡಲ್ ಯಾವ ಬಿಸ್ವಾಸ್ ಎಂದು ತಲೆ ಕೆಡುತ್ತದೆ. ಬಂದ ವಾರದಲ್ಲೇ ಕಳಿಸಿ. ಎರಡು ರಟ್ಟಿನ ನಡುವೆ ಇಟ್ಟು, ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಸ್ಪೀಡ್ ಪೋಸ್ಟ್ ಮಾಡಿ. ಮೊದಲು ತೆಗೆದ ಆ ನೆಟ್ಟಗೆ ನಿಂತ ಫೋಟೊನೂ ಹಾಕಿ, ಗೋಡೆಗೆ ತೂಗು ಹಾಕುವುದು ಅದನ್ನೇ.

ಹೋಗುವ ಮುಂಚೆ ಒಂದೆರಡು ಭಾನುವಾರ ಅಭ್ಯಾಸ ಮಾಡಿ. ಹಿನ್ನೀರಿನ ದಂಡೆಯಲ್ಲಿ ಮೀನು ಹಿಡಿಯುವವರಿದ್ದಾರೆ, ನೀರಿನ ಹೊಳಪು, ಎದುರು ಬಿಸಿಲು ಎಲ್ಲ ಅಲ್ಲಿಯ ಹಾಗೇ. ಗುಳೇದಗುಡ್ಡಕ್ಕೆ ಹೋಗಿ ಖಣ ನೇಯುವ ಮನೆಯ ಬಾಗಿಲಲ್ಲಿ ನಿಂತು ‘ಕಾಕಾ, ಒಂದ್ ಫೋಟೊ ತೆಗೀಲೇನ್ರಿ?’ ಎಂದು ಕೇಳಿ ನೋಡಿ. ‘ಬರ್ರಿ, ಮೊದಲ ಚಾ ಕುಡೀರಿ’ ಎಂದೇ ಉತ್ತರ ಬರುತ್ತದೆ. ಮಗ್ಗದ ಮನೆಯ ಮಂದ ಬೆಳಕಿನಲ್ಲಿ ಐಎಸ್‌ಒ 3200ರವರೆಗೆ ಏರಿಸಿ ನಿಮ್ಮ ಕ್ಯಾಮೆರಾ ಎಷ್ಟು ತಾ‍ಳುತ್ತದೆ ಎಂದೂ ಗೊತ್ತಾಗುತ್ತದೆ.

ಡ್ರೋನ್ ಮನೆಯಲ್ಲೇ ಬಿಡಿ. ಪೋರ್ಟ್ ಬ್ಲೇರ್ ಏರ್‌ಪೋರ್ಟ್‌ನ ರನ್‌ವೇ ನೌಕಾಪಡೆಯದು, ಸುತ್ತಮುತ್ತ ಸೇನೆಯ ಜಾಗಗಳು ಬಹಳ. ಅನುಮತಿ ಇಲ್ಲದೆ ಹಾರಿಸಿದರೆ ಡ್ರೋನೂ ಹೋಗುತ್ತದೆ, ಒಂದು ದಿನ ಠಾಣೆಯಲ್ಲೂ ಹೋಗುತ್ತದೆ. ಇಳಿಯುವಾಗ ವಿಮಾನದ ಕಿಟಕಿಯಿಂದಲೂ ಫೋಟೊ ಬೇಡ, ಫೋನ್ ಒಳಗಿಡಿ.